ವಾಸನೆ ಹುಡುಕಿಕೊಂಡು

ನಮ್ಮ ಕಾರಿಗೆ ಮೂವತ್ತು ತುಂಬಿದೆ. ಇಷ್ಟು ವರ್ಷಗಳಲ್ಲಿ ಅದು ಮಾಡದ ಸದ್ದಿಲ್ಲ. ಎಡಬಾಗಿಲು ನರಳುತ್ತದೆ, ಡ್ಯಾಶ್‌ಬೋರ್ಡಿನೊಳಗೆ ಯಾವುದೋ ಹುಳು ಕೊರೆದಂತೆ ಕೇಳಿಸುತ್ತದೆ, ಮೂರನೆಯ ಗೇರಿಗೆ ಹಾಕಿದರೆ ಮುದುಕರು ಕುರ್ಚಿಯಿಂದ ಏಳುವಾಗ ತೆಗೆಯುವಂಥ ದನಿ ಹೊರಡುತ್ತದೆ. ಸದ್ದಿನಲ್ಲಿ ಒಂದು ಅನುಕೂಲವಿದೆ, ರೇಡಿಯೋ ಜೋರು ಮಾಡಿದರೆ ಅಲ್ಲಿಗೆ ರಿಪೇರಿಯಾದಂತೆ. ವಾಸನೆಯ ವಿಷಯದಲ್ಲಿ ಆ ಉಪಾಯ ನಡೆಯುವುದಿಲ್ಲ ಎಂಬುದು ಗೊತ್ತಾದದ್ದು ಕಾರಿನೊಳಗೆ ಪೆಟ್ರೋಲ್ ಘಮಘಮಿಸಲು ತೊಡಗಿದಾಗ.

ನಡೆಯುವುದಿಲ್ಲ ಎಂದು ಒಪ್ಪುವ ಮೊದಲು ಪ್ರಯತ್ನವನ್ನಂತೂ ಮಾಡಿದೆ. ಗುಲಾಬಿ ಪರಿಮಳದ ಪುಟ್ಟ ಬಾಟಲಿಯೊಂದನ್ನು ಕನ್ನಡಿಗೆ ನೇತುಹಾಕಿದೆ. ಈಗ ಕಾರಿನಲ್ಲಿ ಗುಲಾಬಿ ತೋಟಕ್ಕೆ ಬೆಂಕಿ ಹಚ್ಚಲು ಯಾರೋ ಸಿದ್ಧರಾಗಿ ನಿಂತಂಥ ವಾಸನೆ ಬರತೊಡಗಿತು. ಒಂದು ಸಾಲದೆಂದು ಇನ್ನೂ ಮೂರು ಬಾಟಲಿ ತಂದು ಸೀಟುಗಳ ಕೆಳಗೆ ಸಿಕ್ಕಿಸಿದೆ.

"ನನಗೇನೂ ವಾಸನೆ ಬರುತ್ತಿಲ್ಲ" ಎಂದೆ ಹೆಂಡತಿಗೆ. ಸುಳ್ಳಲ್ಲ. ಮೂಗಿನ ಸ್ವಭಾವವೇ ಹಾಗೆ. ಕೆಲವು ನಿಮಿಷ ಒಂದೇ ವಾಸನೆಯಲ್ಲಿ ಕುಳಿತರೆ ಅದನ್ನು ದೂರು ಪುಸ್ತಕದಿಂದ ಹೊಡೆದುಹಾಕಿಬಿಡುತ್ತದೆ.

"ನಿಮಗೆ ಬಾರದಿದ್ದರೆ ಅದು ಹೋಯಿತೆಂದು ಅರ್ಥವಲ್ಲ" ಎಂದು ಅವಳು ಕಿಟಕಿಯ ಗಾಜು ಇಳಿಸಿದಳು. ವಿಚಿತ್ರವೆಂದರೆ ಗಾಜು ಇಳಿಸಿದ ಮೇಲೆ ವಾಸನೆ ಹೆಚ್ಚಾಯಿತು. ಆಗ ಅದರ ಮೇಲೆ ನನ್ನ ಗಮನ ಹೋಗಲಿಲ್ಲ. ಹೋಗಿದ್ದರೆ ಈ ಕಥೆ ಇಲ್ಲಿಗೇ ಮುಗಿಯುತ್ತಿತ್ತು.

ಮೊದಲ ಅನುಮಾನ ಟ್ಯಾಂಕಿನ ಮುಚ್ಚಳದ ಮೇಲೆ. ಅದರ ರಬ್ಬರ್ ವಾಷರ್ ಕಲ್ಲಿನಂತಾಗಿತ್ತು. ಹೊಸ ಮುಚ್ಚಳ ಹಾಕಿದೆ. ಎರಡೇ ದಿನಕ್ಕೆ ವಾಸನೆ ಮಾಯ! ಕೇಳಿದವರಿಗೂ ಕೇಳದವರಿಗೂ ಮುಚ್ಚಳದ ಮಹಿಮೆ ಹೇಳುತ್ತಾ ತಿರುಗಿದೆ. ಹತ್ತು ದಿನಕ್ಕೆ ವಾಸನೆ ಮರಳಿತು.

ಎರಡನೆಯ ಅನುಮಾನ ಎಂಜಿನ್ನಿನ ಕಡೆಗೆ. ಬಾನೆಟ್ ಎತ್ತಿದ ಮೆಕ್ಯಾನಿಕ್, ಪೆಟ್ರೋಲಿಗೆ ಗಾಳಿ ಬೆರೆಸಿ ಎಂಜಿನ್ನಿಗೆ ಉಣಿಸುವ ಕಾರ್ಬ್ಯುರೇಟರಿಗೆ ಮೂಗು ತಾಗಿಸುವಷ್ಟು ಬಗ್ಗಿ, "ಇಲ್ಲಿಯದೇ ಸರ್" ಎಂದ. ಅದರೊಳಗೊಂದು ಪುಟ್ಟ ಬಟ್ಟಲಿರುತ್ತದೆ, ನೀರಿನ ತೊಟ್ಟಿಯಲ್ಲಿರುವಂಥದೇ ಒಂದು ಫ್ಲೋಟ್ ಇರುತ್ತದೆ. ಪೆಟ್ರೋಲ್ ಬೇಕಾದಷ್ಟು ತುಂಬಿದೊಡನೆ ಫ್ಲೋಟ್ ಮೇಲೆದ್ದು ಒಂದು ಸೂಜಿಯನ್ನು ಒತ್ತಿ ದಾರಿ ಮುಚ್ಚಬೇಕು. ಸೂಜಿ ಸವೆದಿದ್ದರೆ ಬಟ್ಟಲು ಉಕ್ಕುತ್ತದೆ. ನಮ್ಮದು ಸವೆದಿತ್ತು, ಮೂವತ್ತು ವರ್ಷಕ್ಕೆ ಏನು ತಾನೇ ಸವೆಯುವುದಿಲ್ಲ? ಸೂಜಿ ಬದಲಾಯಿತು, ಪಕ್ಕದ ಎರಡು ರಬ್ಬರ್ ಪೈಪುಗಳೂ ಅವುಗಳ ಕ್ಲಿಪ್ಪುಗಳೂ ಬದಲಾದವು. ವಾಸನೆ ಮತ್ತೆ ಮಾಯ. ಮೆಕ್ಯಾನಿಕ್ಕಿನ ಜ್ಞಾನಕ್ಕೆ ಮನಸ್ಸಿನಲ್ಲೇ ಕೈಮುಗಿದೆ. ಒಂಬತ್ತನೆಯ ದಿನ ಬೆಳಿಗ್ಗೆ ಕಾರಿನ ಬಾಗಿಲು ತೆರೆದರೆ, ಅದೇ ಘಮ.

ಮೂರನೆಯ ಸಲ ನಾನೇ ಕಾರಿನಡಿ ಮಲಗಿದೆ. ಟ್ಯಾಂಕಿನಿಂದ ಎಂಜಿನ್ನಿನವರೆಗೆ ಹೋಗುವ ಕೊಳವೆಯನ್ನು ಟಾರ್ಚ್ ಹಿಡಿದು ಗೇಣು ಗೇಣು ನೋಡುವುದು ನನ್ನ ಯೋಜನೆ. ಮುಂದಿನ ಚಕ್ರದ ಹತ್ತಿರ ಬರುವಷ್ಟರಲ್ಲಿ ಹಣೆಯ ಮೇಲೆ ತಣ್ಣಗೆ ಒಂದು ಹನಿ ಬಿತ್ತು. ಸಿಕ್ಕಿತು! ಬೆರಳಿಗೆ ಒರೆಸಿಕೊಂಡು ಮೂಸಿದೆ. ಶುದ್ಧ ನೀರು. ಏಸಿಯಿಂದ ಇಳಿಯುವ ನೀರಿಗೆ ಇನ್ನೇನು ವಾಸನೆ ಇರುತ್ತದೆ?

ಅಷ್ಟರಲ್ಲಿ ಪಕ್ಕದ ಮನೆಯ ಹಿರಿಯರ ಚಪ್ಪಲಿಗಳು ಬಂದು ನನ್ನ ಕಿವಿಯ ಬಳಿ ನಿಂತವು.

"ಏನು ಬಿದ್ದುಹೋಯಿತು?"

"ಏನೂ ಬಿದ್ದಿಲ್ಲ. ವಾಸನೆ ಹುಡುಕುತ್ತಿದ್ದೇನೆ."

ಸ್ವಲ್ಪ ಹೊತ್ತು ಮೌನ. "ಸಿಕ್ಕಿತೇ?" ಎನ್ನುತ್ತಾ ಅವರು ಬಗ್ಗಿದರು. ಚಪ್ಪಲಿಯ ಪಕ್ಕಕ್ಕೆ ಇಳಿದು ಬಂದ ಕೈಯಲ್ಲಿ ಉರಿಯುವ ಸಿಗರೇಟಿತ್ತು.

ಪೆಟ್ರೋಲಿನ ಆವಿ ಗಾಳಿಗಿಂತ ಮೂರು ನಾಲ್ಕು ಪಟ್ಟು ಭಾರ. ಹೊಗೆಯಂತೆ ಮೇಲೇರದೆ ನೆಲಕ್ಕಂಟಿ ಹರಿದು ತಗ್ಗಿನಲ್ಲಿ ಸೇರಿಕೊಳ್ಳುತ್ತದೆ. ಸೊನ್ನೆಗಿಂತ 40 ಡಿಗ್ರಿ ಸೆಲ್ಸಿಯಸ್ ಕೆಳಗಿನ ಚಳಿಯಲ್ಲೂ ಕಿಡಿ ಕಂಡರೆ ಭಗ್ಗೆನ್ನುವಷ್ಟು ಆವಿ ಅದರಿಂದ ಏಳುತ್ತದೆ. ನಾನು ಮಲಗಿದ್ದದ್ದು ಇಡೀ ಅಂಗಳದಲ್ಲಿ ಎಲ್ಲಕ್ಕಿಂತ ತಗ್ಗಿನ ಜಾಗದಲ್ಲಿ. ಇದೆಲ್ಲವೂ ಆ ಕ್ಷಣದಲ್ಲಿ ಒಟ್ಟಿಗೇ ನೆನಪಾಗಿ ನಾನು ಹೊರಬಂದ ರಭಸಕ್ಕೆ ತಲೆ ಒಮ್ಮೆ, ಮೊಣಕೈ ಎರಡು ಬಾರಿ ತಗುಲಿದವು. ಹಿರಿಯರನ್ನು ಸಿಗರೇಟಿನ ಸಮೇತ ಗೇಟಿನಾಚೆ ಬಿಟ್ಟು ಬಂದೆ. ಅವರು ಒಂದು ವಾರ ಮಾತುಬಿಟ್ಟರು.

ಅವತ್ತು ಕೊಳವೆಯ ಒಂದು ಕೀಲಿನ ಕ್ಲಿಪ್ಪನ್ನು ಅರ್ಧ ಸುತ್ತು ಬಿಗಿಗೊಳಿಸಿದ್ದೆ. ವಾಸನೆ ಹೋಯಿತು. ಅರ್ಧ ಸುತ್ತಿನಲ್ಲಿ ಸಮಸ್ಯೆ ಬಗೆಹರಿಸಿದ ಗತ್ತಿನಲ್ಲಿ ಎಂಟು ದಿನ ಬದುಕಿದೆ. ಮತ್ತೆ ಬಂತು.

ನನ್ನ ಹೆಂಡತಿಗೆ ಒಂದು ಅಭ್ಯಾಸವಿದೆ. ಪೆಟ್ರೋಲ್ ಹಾಕಿಸಿದಾಗಲೆಲ್ಲ ತಾರೀಖು, ಲೀಟರು, ಓಡಿದ ಕಿಲೋಮೀಟರು ಇಷ್ಟನ್ನೂ ಒಂದು ಪುಸ್ತಕದಲ್ಲಿ ಬರೆದಿಡುತ್ತಾಳೆ. ಈ ಲೆಕ್ಕದಿಂದ ಯಾರಿಗೆ ಏನು ಉಪಯೋಗ ಎಂದು ವರ್ಷಗಳಿಂದ ಹಾಸ್ಯ ಮಾಡುತ್ತಾ ಬಂದವನು ನಾನು. ಆ ರಾತ್ರಿ ಅವಳು ಪುಸ್ತಕ ತೆರೆದು ನನ್ನ ಮುಂದಿಟ್ಟಳು.

"ಮುಚ್ಚಳ ಹಾಕಿಸಿದ್ದು ಯಾವತ್ತು?"

ಹೇಳಿದೆ. ಸೂಜಿಯ ತಾರೀಖು ಕೇಳಿದಳು, ಅದನ್ನೂ ಹೇಳಿದೆ. ಅರ್ಧ ಸುತ್ತಿನ ದಿನ ಅವಳಿಗೇ ನೆನಪಿತ್ತು, ಹಣೆಗೆ ಔಷಧ ಹಚ್ಚಿದವಳು ಅವಳೇ ತಾನೇ. ಮೂರನ್ನೂ ಅಂಚಿನಲ್ಲಿ ಬರೆದು ಪೆನ್ನಿನಿಂದ ತಟ್ಟಿದಳು. ಪ್ರತಿ ಸಲವೂ ಫುಲ್ ಟ್ಯಾಂಕ್ ಹಾಕಿಸಿದ ದಿನವೋ ಮರುದಿನವೋ ವಾಸನೆ ಶುರುವಾಗಿದೆ. ಅಯ್ಯೋ ಅಮ್ಮಾ ಎಂದು ನಾಲ್ಕು ದಿನ ಕಳೆದು ನಾನು ಏನೋ ಒಂದನ್ನು ಬಿಚ್ಚಿದ್ದೇನೆ. ಅಷ್ಟು ಹೊತ್ತಿಗೆ ಟ್ಯಾಂಕು ಕಾಲುಭಾಗ ಖಾಲಿಯಾಗಿರುತ್ತದೆ.

"ನೀವು ಏನನ್ನೂ ರಿಪೇರಿ ಮಾಡಿಲ್ಲ" ಎಂದಳು ಸಮಾಧಾನವಾಗಿ. "ಬರೀ ಪೆಟ್ರೋಲ್ ಖರ್ಚು ಮಾಡಿದ್ದೀರಿ."

ತುಂಬಿದಾಗ ಮಾತ್ರ ನಾರುವ ಟ್ಯಾಂಕು ಸೋರುವುದು ತಲೆಯ ಮೇಲೆ, ತಳದಲ್ಲಲ್ಲ. ಅಡಿಯಲ್ಲಿ ಮಲಗಿ ಹುಡುಕಿದವನಿಗೆ ಅದು ಹೇಗೆ ಕಂಡೀತು? ನಮ್ಮ ಕಾರಿನಲ್ಲಿ ಟ್ಯಾಂಕಿನ ತಲೆ ಇರುವುದು ಹಿಂದಿನ ಸೀಟಿನ ಕೆಳಗೆ. ಕಿಟಕಿ ತೆರೆದು ಓಡಿಸುವಾಗ ಹೊರಗಿನ ಗಾಳಿಯ ಸೆಳೆತಕ್ಕೆ ಒಳಗಿನ ಒತ್ತಡ ತುಸು ತಗ್ಗಿ, ಸೀಟಿನಡಿಯ ಆವಿ ಮೇಲೆದ್ದು ಬರುತ್ತಿತ್ತು. ಮೊದಲ ದಿನವೇ ಕಾರು ಬಾಯಿಬಿಟ್ಟು ಹೇಳಿತ್ತು.

ಡ್ಯಾಶ್‌ಬೋರ್ಡಿನಲ್ಲಿ ಪೆಟ್ರೋಲ್ ತೋರಿಸುವ ಸೂಜಿ ಕಾಲುಭಾಗಕ್ಕೆ ಇಳಿಯುವವರೆಗೆ ಕಾದು, ಕಾರನ್ನು ಬಯಲಿಗೆ ತಂದು, ಬ್ಯಾಟರಿಯ ನೆಗೆಟಿವ್ ತಂತಿ ಕಳಚಿ, ಹಿರಿಯರು ಮನೆಯೊಳಗಿದ್ದಾರೆಂದು ಖಚಿತಪಡಿಸಿಕೊಂಡು, ಬೆಂಕಿ ನಂದಿಸುವ ಡಬ್ಬವನ್ನು ಕೈಗೆಟಕುವಂತಿಟ್ಟು ಸೀಟು ಎತ್ತಿದೆ. ಎರಡು ನಾಣ್ಯ, ಕಳೆದುಹೋಗಿದೆಯೆಂದು ಮಗಳಿಗೆ ಬೈದಿದ್ದ ಪೆನ್ನಿನ ಮುಚ್ಚಳ, ನನ್ನದೇ ಒಂದು ಗುಲಾಬಿ ಬಾಟಲಿ. ಅವುಗಳ ನಡುವೆ ನಾಲ್ಕು ಸ್ಕ್ರೂಗಳ ತಗಡಿನ ಮುಚ್ಚಳ. ಅದನ್ನು ತೆಗೆದರೆ ಟ್ಯಾಂಕಿನ ನೆತ್ತಿ, ಅದರ ಮೇಲೆ ಅಂಗೈಯಗಲದ ದುಂಡು ತಟ್ಟೆ. ಪೆಟ್ರೋಲ್ ಎಷ್ಟಿದೆಯೆಂದು ಡ್ಯಾಶ್‌ಬೋರ್ಡಿನ ಸೂಜಿಗೆ ವರದಿ ಕಳುಹಿಸುವ ಫ್ಲೋಟ್ ನೇತಾಡುವುದು ಇದರಿಂದಲೇ. ಸುತ್ತಲೂ ಬೂದುಬಣ್ಣದ ಒಣ ಧೂಳು. ಒಂದು ಕಡೆ ಮಾತ್ರ ಧೂಳು ಕಪ್ಪಗೆ, ಒದ್ದೆಯಾಗಿ, ತಟ್ಟೆಯ ಅಂಚಿನಿಂದ ಬೀಸಣಿಗೆಯಂತೆ ಹರಡಿಕೊಂಡಿತ್ತು. ಬೆರಳು ತಾಗಿಸಿ ಮೂಸಬೇಕಾದ ಅಗತ್ಯವಿರಲಿಲ್ಲ, ಆದರೂ ಮೂಸಿದೆ. ಇಷ್ಟು ಕಷ್ಟಪಟ್ಟಿದ್ದೇನೆ, ಆ ಸುಖ ಬೇಡವೇ?

ಧೂಳು ಟ್ಯಾಂಕಿನೊಳಗೆ ಬೀಳದಂತೆ ಒರೆಸಿ ತಟ್ಟೆ ಎಬ್ಬಿಸಿದೆ. ತಟ್ಟೆಗೂ ಟ್ಯಾಂಕಿಗೂ ನಡುವಿನ ಸಂದಿ ಮುಚ್ಚಬೇಕಾದ ಕಾರ್ಕ್ ಬಳೆ, ಅಂದರೆ ಗ್ಯಾಸ್ಕೆಟ್, ಮೂರು ತುಂಡಾಗಿ ಕೈಗೆ ಬಂತು. ಒಂದು ತುಂಡು ಒತ್ತಿ ಒತ್ತಿ ಕಾಗದದಷ್ಟು ತೆಳ್ಳಗಾಗಿತ್ತು. ಬಿಸಿಲಿಗೆ ಹಿಗ್ಗಿದ ಪೆಟ್ರೋಲ್, ತಿರುವಿನಲ್ಲಿ ತುಳುಕಿದ ಪೆಟ್ರೋಲ್, ಎಲ್ಲವೂ ಹೊರಬಂದದ್ದು ಈ ಸಂದಿಯಿಂದ. ಅದಕ್ಕೆ ನನ್ನ ಸಹಕಾರವೂ ಇತ್ತೆನ್ನಿ. ಪಂಪಿನ ನಳಿಕೆ ತಾನಾಗಿ ನಿಂತ ಮೇಲೂ "ಇನ್ನೊಂದು ಸ್ವಲ್ಪ" ಎಂದು ಕಂಠಮಟ್ಟ ತುಂಬಿಸುವ ಚಾಳಿ ನನ್ನದು.

ಹೊಸ ಗ್ಯಾಸ್ಕೆಟ್ಟಿನಲ್ಲಿ ಆರು ತೂತುಗಳು, ಟ್ಯಾಂಕಿನಲ್ಲೂ ಆರು. ಆದರೆ ಒಂದೇ ಒಂದು ದಿಕ್ಕಿನಲ್ಲಿ ಮಾತ್ರ ಹೊಂದುವಂತೆ ಅವುಗಳ ಅಂತರವನ್ನು ಹೆಚ್ಚುಕಡಿಮೆ ಮಾಡಿರುತ್ತಾರೆ. ನನಗೆ ಹೊಂದಿದ್ದು ಆರನೆಯ ಪ್ರಯತ್ನದಲ್ಲಿ. ಸ್ಕ್ರೂಗಳನ್ನು ಎದುರುಬದುರಾಗಿ ಸ್ವಲ್ಪ ಸ್ವಲ್ಪವೇ ಬಿಗಿದೆ, ಒಂದೇ ಕಡೆ ಬಿಗಿದರೆ ಇನ್ನೊಂದು ಕಡೆ ಬಾಯಿ ತೆರೆಯುತ್ತದೆ.

ಮರುದಿನ ಫುಲ್ ಟ್ಯಾಂಕ್ ಹಾಕಿಸಿದೆ. ನಳಿಕೆ ನಿಂತಲ್ಲಿಗೇ ನಿಲ್ಲಿಸಿದೆ. ತಿರುವುಗಳಿರುವ ದಾರಿಯನ್ನೇ ಹುಡುಕಿ ಅರ್ಧ ಗಂಟೆ ಸುತ್ತಿ, ಕಾರನ್ನು ಬಿಸಿಲಲ್ಲಿ ನಿಲ್ಲಿಸಿ, ಹೆಂಡತಿಯನ್ನು ಮನೆಯೊಳಗಿನಿಂದ ಕರೆದೆ. ದಣಿಯದ ಮೂಗು ಬೇಕಿತ್ತು. ಅವಳು ಹಿಂದಿನ ಸೀಟಿನಲ್ಲಿ ಕುಳಿತು, ಬಾಗಿಲು ಹಾಕಿಕೊಂಡು, ದೀರ್ಘವಾಗಿ ಉಸಿರೆಳೆದಳು. ಮುಖ ಹುಳ್ಳಗಾಯಿತು. ನನ್ನ ಎದೆ ಧಸಕ್ಕೆಂದಿತು.

"ಬರುತ್ತಿದೆಯೇ?"

"ವಿಪರೀತ" ಎಂದಳು, ಮೂಗಿಗೆ ಸೆರಗು ಹಿಡಿದು. "ಮೊದಲು ಆ ಗುಲಾಬಿ ಬಾಟಲಿಗಳನ್ನು ತೆಗೆಯಿರಿ."