ಹದಿನೈದು ನಿಮಿಷದ ಕೆಲಸ

ಇಂದು ಸಂಜೆ, ಒಂದು ತಿರುವೂ ಇಲ್ಲದ ರಸ್ತೆಯಲ್ಲಿ ಕಾರು ನೆಟ್ಟಗೆ ಹೋಗುತ್ತಿದ್ದರೂ ಅದರ ಸ್ಟಿಯರಿಂಗ್ ಮಾತ್ರ ಎಡಕ್ಕೆ ತುಸು ವಾಲಿಕೊಂಡು, ಫೋಟೊ ತೆಗೆಯುವಾಗ ಬೇಕೆಂದೇ ಕತ್ತು ಓರೆ ಮಾಡುವ ಮಗುವಿನಂತೆ ನನ್ನನ್ನು ನೋಡುತ್ತಿತ್ತು. ಮೂರನೆಯ ಬಾರಿಗೆ, ಚಕ್ರಗಳ ಓರೆಯನ್ನು ಅಳೆದು ತಿದ್ದುವ ವೀಲ್ ಅಲೈನ್‌ಮೆಂಟ್ ಮಾಡಿಸಿಕೊಂಡು ಹೊರಬಿದ್ದು ಹತ್ತು ನಿಮಿಷವೂ ಆಗಿರಲಿಲ್ಲ. ‘ನಿಮಿಷ’ ಎಂಬ ಪದವನ್ನು ನಾನೀಗ ಬಹಳ ಎಚ್ಚರದಿಂದ ಬಳಸುತ್ತೇನೆ. ಅದರ ಕಾರಣಕ್ಕೆ ಆಮೇಲೆ ಬರುತ್ತೇನೆ.

ತಪ್ಪು ನನ್ನದೇ. ಇದನ್ನು ಮನೆಯಲ್ಲಿ ಈಗಾಗಲೇ ನನ್ನ ಬಾಯಿಂದಲೇ ಹೇಳಿಸಿಯಾಗಿದೆ. ಟೈರಿಗೂ ಅದರ ಮೇಲಿನ ಮಡ್‌ಗಾರ್ಡಿನ ಕಮಾನಿಗೂ ನಡುವೆ ನಾಲ್ಕು ಬೆರಳು ತೂರುವಷ್ಟು ಜಾಗವಿತ್ತು. ವರ್ಷಗಟ್ಟಲೆ ಕಾಣಿಸದಿದ್ದ ಆ ಜಾಗ, ಒಮ್ಮೆ ಕಾಣಿಸಿದ ಮೇಲೆ, ಗಿಡ್ಡವಾದ ಪ್ಯಾಂಟಿನ ಕೆಳಗೆ ಇಣುಕುವ ಕಾಲಿನಂತೆ ಹಗಲೂ ರಾತ್ರಿ ಕಣ್ಣಿಗೆ ಚುಚ್ಚತೊಡಗಿತು. ಕಾರನ್ನು 35 ಮಿಲಿಮೀಟರ್ ತಗ್ಗಿಸುವ ಸ್ಪ್ರಿಂಗುಗಳನ್ನು ಹಾಕಿಸಿದೆ. ಅರ್ಧ ದಿನದಲ್ಲಿ ಕೆಲಸ ಮುಗಿಯಿತು. ಬೇಟೆಗೆ ಹೊಂಚುಹಾಕಿದ ಚಿರತೆಯಂತೆ ನನಗೆ ಕಂಡ ಆ ಕಾರನ್ನು ನೋಡಿ ಪಕ್ಕದ ಮನೆಯವರು ಕೇಳಿದ್ದು ಒಂದೇ ಮಾತು: “ನಾಲ್ಕೂ ಟೈರಿನಲ್ಲಿ ಗಾಳಿ ಕಡಿಮೆಯಾಗಿದೆಯೇ?”

ಕಾರನ್ನು ತಗ್ಗಿಸಿದಾಗ ಇಳಿಯುವುದು ಅದರ ಮೈ ಮಾತ್ರವೆಂದು ನಾನು ನಂಬಿದ್ದೆ. ಆದರೆ ಚಕ್ರವನ್ನು ಕೆಳಗಿನಿಂದ ಹಿಡಿದಿರುವ ಆರ್ಮ್ ಮತ್ತು ಸ್ಟಿಯರಿಂಗಿನ ಕಡೆಯಿಂದ ಬರುವ ಟೈ ರಾಡ್ ಎರಡೂ ಆಗ ತಮ್ಮ ಓರೆಯನ್ನು ಬದಲಿಸಿಕೊಳ್ಳುತ್ತವೆ. ಒಂದು ಇಳಿದಷ್ಟೇ ಇನ್ನೊಂದೂ ಒಪ್ಪವಾಗಿ ಹೊಂದಿಕೊಳ್ಳುವುದಿಲ್ಲವಾದ್ದರಿಂದ ನಡುವೆ ಸಿಕ್ಕಿಕೊಂಡ ಚಕ್ರ ತನಗೆ ತೋಚಿದತ್ತ ತಿರುಗುತ್ತದೆ. ಚಕ್ರದ ಮೇಲ್ತುದಿ ಒಳಕ್ಕೆ ವಾಲಿದರೆ ನೆಗೆಟಿವ್ ಕ್ಯಾಂಬರ್, ಮುಂತುದಿ ಹೊರಕ್ಕೆ ತಿರುಗಿದರೆ ಟೋ ಔಟ್. ನನ್ನ ಕಾರಿಗೆ ಎರಡೂ ಒಟ್ಟಿಗೆ ಬಂದಿದ್ದವು. ಈ ಸಂಗತಿಯನ್ನು ಸ್ಪ್ರಿಂಗ್ ಮಾರಿದವರು ಹೇಳಲಿಲ್ಲ. ನಾನೂ ಕೇಳಲಿಲ್ಲ, ಕೇಳಿದರೆ ಉತ್ತರ ಹೇಳಿಬಿಟ್ಟಾರೆಂಬ ಹೆದರಿಕೆಯಿಂದ.

ಅಲೈನ್‌ಮೆಂಟ್ ಮಾಡುವವರು ಮಿತಭಾಷಿ. ಅವರು ಮಾತಿಗೆ ಬದಲಾಗಿ ಲೊಚಗುಟ್ಟುತ್ತಾರೆ. ಕಾರನ್ನು ರ್‍ಯಾಂಪಿಗೆ ಏರಿಸಲು ಮೊದಲ ಬಾರಿ ಹೋದಾಗ ಬಂಪರ್ ಅಂಚಿಗೆ ತಾಗಿತು. ಅವರು ಒಮ್ಮೆ ಲೊಚಗುಟ್ಟಿ ಎರಡು ಹಲಗೆಗಳನ್ನು ತಂದಿಟ್ಟರು. ಬಗ್ಗಿ ಕಾರಿನ ಅಡಿಭಾಗವನ್ನು ನೋಡಿ ಎರಡು ಬಾರಿ ಲೊಚಗುಟ್ಟಿದರು. ನಾಲ್ಕು ಚಕ್ರಗಳಿಗೂ ಕ್ಲ್ಯಾಂಪ್ ಬಿಗಿದು, ಕಾರನ್ನು ತುಸು ಹಿಂದಕ್ಕೂ ಮುಂದಕ್ಕೂ ಉರುಳಿಸಿದ ಮೇಲೆ ಕಂಪ್ಯೂಟರಿನ ಪರದೆಯಲ್ಲಿ ಮುಂಚಕ್ರಗಳ ಅಂಕಿಗಳೆಲ್ಲ ಕೆಂಪು ಬಣ್ಣದಲ್ಲಿ ಮೂಡಿದಾಗ ಮಾತ್ರ ಅವರು ಲೊಚಗುಟ್ಟಲೇ ಇಲ್ಲ, ಕೈಕಟ್ಟಿ ಸುಮ್ಮನೆ ನಿಂತುಬಿಟ್ಟರು. ಸ್ಕ್ಯಾನಿನ ವರದಿ ಹಿಡಿದ ವೈದ್ಯರು ಹೀಗೆ ಮೌನವಾದರೆ ರೋಗಿಯ ಕಡೆಯವರು ಏನು ಮಾಡುತ್ತಾರೋ ನಾನೂ ಅದನ್ನೇ ಮಾಡಿದೆ, ಮೆಲುದನಿಯಲ್ಲಿ “ಎಷ್ಟಿದೆ?” ಎಂದು ಕೇಳಿದೆ.

“ಹದಿನೈದು ನಿಮಿಷ ಇದೆ ಸರ್.”

ಅಷ್ಟೇ ತಾನೇ ಎಂದು ನಿರಾಳವಾಗಿ ಕುರ್ಚಿಯಲ್ಲಿ ಕುಳಿತೆ. ಹದಿನೈದು ನಿಮಿಷ ಕಳೆಯಿತು. ಅರ್ಧ ಗಂಟೆಯೂ ಕಳೆಯಿತು. ತುಕ್ಕು ಹಿಡಿದ ಟೈ ರಾಡಿನ ಲಾಕ್ ನಟ್ಟಿಗೆ ಎಣ್ಣೆ ಸಿಂಪಡಿಸಿ, ಅದು ಇಳಿಯಲೆಂದು ಕಾಯುತ್ತ ನಿಂತಿದ್ದ ಅವರನ್ನು ಮತ್ತೆ ವಿಚಾರಿಸಿದೆ. “ಎಂಟು ನಿಮಿಷಕ್ಕೆ ಬಂತು ಸರ್” ಎಂದರು. ಅರ್ಧ ಗಂಟೆಯಲ್ಲಿ ಏಳು ನಿಮಿಷ ಕಳೆದಿರುವುದು ವಿಚಿತ್ರವೆನಿಸಿದರೂ, ಕೆಲಸಗಾರರ ನಿಮಿಷಗಳ ಪರಿಚಯ ಇದ್ದುದರಿಂದ ಸುಮ್ಮನಾದೆ. ಇನ್ನೂ ಸ್ವಲ್ಪ ಹೊತ್ತಾದ ಮೇಲೆ ನಾನು ಕೇಳುವ ಮೊದಲೇ ಅವರು ಸ್ಪ್ಯಾನರ್ ಕೆಳಗಿಟ್ಟು, ದೀರ್ಘವಾಗಿ ಲೊಚಗುಟ್ಟಿ, “ನಟ್ ಬಿಗಿ ಮಾಡಿದ ಕೂಡಲೇ ಮತ್ತೆ ಹನ್ನೆರಡಕ್ಕೆ ಹೋಯಿತು” ಎಂದರು. ಕಾಲ ಹಿಮ್ಮುಖವಾಗಿ ಹರಿಯುವ ಜಾಗಕ್ಕೆ ಬಂದು ಸೇರಿದೆನೆಂದು ಆಗ ನನಗೆ ಖಾತ್ರಿಯಾಯಿತು.

ಅವರು ಹೇಳುತ್ತಿದ್ದ ನಿಮಿಷ ಗಡಿಯಾರದ್ದಲ್ಲ, ಕೋನದ್ದು. ಒಂದು ಡಿಗ್ರಿಯ 60ನೆಯ ಒಂದು ಪಾಲು. ಗಂಟೆಯನ್ನೂ ಡಿಗ್ರಿಯನ್ನೂ ನಾವು ಹೀಗೆ ಅರವತ್ತಾಗಿ ಸೀಳುವುದರ ಮೂಲ ಪ್ರಾಚೀನ ಬ್ಯಾಬಿಲೋನಿಯಾದವರ ಲೆಕ್ಕದ ಪದ್ಧತಿಯಲ್ಲಿದೆ. ಅಂದರೆ ನನ್ನ ಮಧ್ಯಾಹ್ನವನ್ನು ಹಾಳುಮಾಡಿದವರನ್ನು ಹುಡುಕಿಕೊಂಡು ಹೋಗಿ ಜಗಳವಾಡುವುದಕ್ಕೂ ಉಪಾಯವಿಲ್ಲ. ಹಾಗೆಂದು ಆ 15 ನಿಮಿಷ ಅಲ್ಪವೂ ಅಲ್ಲ. ಕುರ್ಚಿಯಲ್ಲಿ ಕುಳಿತು ಲೆಕ್ಕ ಹಾಕಿದೆ: ಕಾಲು ಡಿಗ್ರಿ ತಿರುಗಿದ ಚಕ್ರ ಪ್ರತಿ ಕಿಲೋಮೀಟರಿಗೆ ನಾಲ್ಕು ಮೀಟರಿಗೂ ಹೆಚ್ಚು ದೂರ ಅಡ್ಡಡ್ಡ ಉಜ್ಜಿಕೊಂಡು ಹೋಗುತ್ತದೆ. ಹೊರಗಿನಿಂದ ಚಿರತೆಯಂತೆ ಕಂಡದ್ದು ಒಳಗೊಳಗೇ ಏಡಿಯ ನಡಿಗೆ ನಡೆಯುತ್ತಿತ್ತು. ಟೈರಿನ ಒಳಅಂಚನ್ನು ಕೈಯಿಂದ ಸವರಿ ನೋಡಿದೆ. ಗರಗಸದಂತೆ ಬೆರಳಿಗೆ ತಾಗಿತು.

ಹೊಸ ಸ್ಪ್ರಿಂಗ್ ಸರಿಯಾಗಿ ಕುಳಿತುಕೊಳ್ಳಲು ಕೆಲವು ದಿನ ಬೇಕು, ಅಲ್ಲಿಯವರೆಗೆ ಓಡಿಸಿ ಬನ್ನಿ ಎಂದು ಅವರು ಮೊದಲ ದಿನವೇ ಹೇಳಿದ್ದರು. ಕೇಳುವ ತಾಳ್ಮೆ ನನಗಿರಲಿಲ್ಲವಾದ್ದರಿಂದ ಎರಡನೆಯ ಬಾರಿ ಹೋಗಬೇಕಾಯಿತು. ಆಗ ಇನ್ನೊಂದು ವಿಷಯ ಬಯಲಾಯಿತು: ಸ್ಪ್ರಿಂಗ್ ಹಾಕಿದವರು ಆರ್ಮಿನ ಕೀಲಿನಲ್ಲಿ ಕೂರುವ ರಬ್ಬರ್ ಬುಷ್‌ಗಳ ಬೋಲ್ಟನ್ನು ಚಕ್ರ ಗಾಳಿಯಲ್ಲಿ ತೂಗಾಡುತ್ತಿರುವಾಗಲೇ ಬಿಗಿದಿದ್ದರು. ಕಾರಿನ ಭಾರ ಚಕ್ರದ ಮೇಲೆ ಬಿದ್ದಿರುವಾಗ ಬಿಗಿಯಬೇಕಾದದ್ದನ್ನು ಹೀಗೆ ಬಿಗಿದರೆ, ಕಾರು ನೆಲಕ್ಕಿಳಿದ ಕ್ಷಣದಿಂದ ರಬ್ಬರ್ ತಿರುಚಿಕೊಂಡೇ ಇರುತ್ತದೆ. ಆ ದಿನ ಕೇಳಿದ ಲೊಚಗುಟ್ಟುವಿಕೆಯನ್ನು ನಾನು ಎಣಿಸಲಿಲ್ಲ. ಎಲ್ಲವನ್ನೂ ಸಡಿಲಿಸಿ, ಬಿಗಿದು, ಮತ್ತೆ ಅಳೆದರು. ಟೋ ಹಸಿರಾಯಿತು, ಕ್ಯಾಂಬರ್ ಕೆಂಪಾಗಿಯೇ ಉಳಿಯಿತು. ಏಕೆಂದರೆ ನನ್ನ ಕಾರಿನಲ್ಲಿ ಚಕ್ರವನ್ನು ಮೇಲಿನಿಂದ ಹಿಡಿದಿರುವ ಸ್ಟ್ರಟ್ಟಿನಲ್ಲಿ ಕ್ಯಾಂಬರ್ ತಿದ್ದುವ ವ್ಯವಸ್ಥೆಯೇ ಇರಲಿಲ್ಲ. ಅದಕ್ಕೆಂದು ಕ್ಯಾಂಬರ್ ಬೋಲ್ಟ್ ತರಿಸಿ ಹಾಕಿಸಿದ್ದು ಇಂದು, ಮೂರನೆಯ ಬಾರಿ. ಕ್ಯಾಂಬರ್ ಅಲುಗಿದರೆ ಟೋ ಕೂಡ ಅಲುಗುತ್ತದೆಯಾದ್ದರಿಂದ ಅದನ್ನೂ ಹೊಸದಾಗಿ ತಿದ್ದಿದರು. ಕೊನೆಗೂ ಎಲ್ಲ ಅಂಕಿಗಳು ಹಸಿರಾದಾಗ ಪರದೆಯ ಫೋಟೊ ತೆಗೆದುಕೊಂಡೆ. ಪರೀಕ್ಷೆಯ ಫಲಿತಾಂಶಕ್ಕೂ ಹಾಗೆ ಮಾಡಿದವನಲ್ಲ ನಾನು.

ಹಳೆಯ ಸ್ಪ್ರಿಂಗುಗಳು ಮನೆಯ ಮೂಲೆಯಲ್ಲಿ ನಿಂತಿವೆ. ಅವು ಕಾರಿನಲ್ಲಿದ್ದಷ್ಟು ಕಾಲ ರಸ್ತೆಯ ಉಬ್ಬು ಬಂದರೆ ನಮ್ಮ ಮಾತು ನಿಲ್ಲುತ್ತಿರಲಿಲ್ಲ; ವಾಕ್ಯದ ಮೊದಲರ್ಧ ಈಚೆಗೆ, ಉಳಿದರ್ಧ ಆಚೆಗೆ ಸಲೀಸಾಗಿ ದಾಟಿಹೋಗುತ್ತಿತ್ತು. ಈಗ ಉಬ್ಬು ದೂರದಲ್ಲಿ ಕಂಡೊಡನೆ ಕಾರಿನೊಳಗೆ ಎಲ್ಲರೂ ಮೌನವಾಗುತ್ತಾರೆ. ನಾನು ಕಾರನ್ನು ಓರೆಯಾಗಿಸಿ ಒಂದೊಂದೇ ಚಕ್ರವನ್ನು ಇಳಿಸುತ್ತೇನೆ, ಕೆಳಗೆ ಏನೋ ಕೆರೆದ ಸದ್ದಾಗುತ್ತದೆ, ಆಮೇಲೆ ಯಾರಿಗೂ ತಾವು ಹೇಳುತ್ತಿದ್ದುದು ನೆನಪಿರುವುದಿಲ್ಲ.

ಸ್ಟಿಯರಿಂಗ್ ವಾಲಿದ್ದನ್ನು ಕಂಡವನೇ ಕಾರನ್ನು ತಿರುಗಿಸಿಕೊಂಡು ವಾಪಸು ಹೋದೆ. ಅವರು ಬಾಗಿಲು ಹಾಕುತ್ತಿದ್ದರು. ಟೋ ತಿದ್ದುವಾಗ ಸ್ಟಿಯರಿಂಗನ್ನು ಅಲುಗದಂತೆ ಹಿಡಿದಿಡುವ ಸಾಧನ ಜಾರಿರಬೇಕೆಂದೂ, ಒಂದು ಬದಿಯ ಟೈ ರಾಡನ್ನು ಎಷ್ಟು ಕುಗ್ಗಿಸುತ್ತಾರೋ ಇನ್ನೊಂದನ್ನು ಅಷ್ಟೇ ಹಿಗ್ಗಿಸಿದರೆ ಟೋ ಕೆಡದೆ ಸ್ಟಿಯರಿಂಗ್ ನೆಟ್ಟಗಾಗುವುದೆಂದೂ, ನಾಳೆ ಬರಬೇಕೆಂದೂ ಹೇಳಿದರು. ನನ್ನ ಸಹನೆ ಅಲ್ಲಿಗೆ ಮುಗಿಯಿತು. “ಇವೆಲ್ಲ ಬೇಡವೇ ಬೇಡ, ಹಳೆಯ ಸ್ಪ್ರಿಂಗನ್ನೇ ವಾಪಸು ಹಾಕಿಸಿಬಿಟ್ಟರೆ?” ಎಂದೆ.

ಅವರು ಲೊಚಗುಟ್ಟಲಿಲ್ಲ. ಪರಿಚಯವಾದ ಮೇಲೆ ಮೊದಲ ಬಾರಿಗೆ ಅವರ ಮುಖ ಅರಳಿದ್ದನ್ನು ನಾನು ನೋಡಿದೆ.

“ಧಾರಾಳವಾಗಿ ಹಾಕಿಸಿ ಸರ್,” ಎಂದರು. “ಹಾಕಿಸಿದ ಮೇಲೆ ಒಂದು ಅಲೈನ್‌ಮೆಂಟ್ ಮಾಡಿಸಬೇಕಾಗುತ್ತೆ.”