ಜಾಕಿ ಮೆಕ್ಲೀನ್ ಸ್ಯಾಕ್ಸೊಫೋನ್ ಬಿಟ್ಟು ಮೇಷ್ಟ್ರಾಗಲಿಲ್ಲ

'ಅವಕಾಶ ನಿಂತುಹೋಯಿತು, ಅದಕ್ಕೆ ಜಾಕಿ ಮೆಕ್ಲೀನ್ ಸ್ಯಾಕ್ಸೊಫೋನ್ ಮೂಲೆಗಿಟ್ಟು ಪಾಠ ಹೇಳಲು ಹೋದರು' ಎಂಬ ಮಾತು ಅಮೆರಿಕದ ಈ ಜಾಝ್ ವಾದಕರ ಬಗ್ಗೆ ಓಡಾಡುತ್ತಿದೆ. ಅರ್ಧ ನಿಜ, ಅರ್ಧ ಸುಮ್ನೆ ಕಟ್ಟಿದ್ದು.

ಅವಕಾಶ ತಪ್ಪಿದ್ದು ಹೌದು. ಆಗ ನ್ಯೂಯಾರ್ಕಿನಲ್ಲಿ ಮದ್ಯ ಮಾರುವ ಕ್ಲಬ್‌ಗಳಲ್ಲಿ ನುಡಿಸಲು ಪೊಲೀಸರು ಕೊಡುವ 'ಕ್ಯಾಬರೆ ಕಾರ್ಡ್' ಬೇಕಿತ್ತು. ಮಾದಕ ವಸ್ತುವಿನ ಕೇಸಿನಿಂದ ಮೆಕ್ಲೀನ್ ಅದನ್ನು ಕಳೆದುಕೊಂಡರು. ಆದರೆ ಅದು 1950ರ ದಶಕದ ಮಾತು! ಮೇಷ್ಟ್ರಾಗಿದ್ದು ಸುಮಾರು ಹತ್ತು ವರ್ಷದ ಮೇಲೆ. ಕ್ಲಬ್ಬಿನ ಬಾಗಿಲು ಮುಚ್ಚಿದ್ದರಿಂದಲೇ ಅವರು ಸ್ಟುಡಿಯೋಗೆ ಜಾಸ್ತಿ ಹೋದರು. 1959ರಿಂದ 1967ರವರೆಗೆ ಬ್ಲೂ ನೋಟ್ ಕಂಪನಿಗೆ ಒಂದರ ಹಿಂದೊಂದು ಆಲ್ಬಮ್ ಕೊಟ್ಟರು. ಅವರ ಆಲ್ಟೊ ಸ್ಯಾಕ್ಸೊಫೋನಿನ ನಾದ ಒಮ್ಮೆ ಕೇಳಿದರೆ ಮರೆಯೋದಿಲ್ಲ. ಶ್ರುತಿಗಿಂತ ಕೂದಲೆಳೆಯಷ್ಟು ಮೇಲೆ, ನಿಂಬೆಹುಳಿಯ ಹಾಗೆ ಚುರುಕ್ ಅನ್ನುತ್ತದೆ. ಅದು ತಪ್ಪಲ್ಲ, ಅವರ ಗುರುತು.

1960ರ ದಶಕದ ಕೊನೆಗೆ ಕನೆಕ್ಟಿಕಟ್ ರಾಜ್ಯದ ಹಾರ್ಟ್‌ಫರ್ಡ್ ವಿಶ್ವವಿದ್ಯಾಲಯದ ಹಾರ್ಟ್ ಸಂಗೀತ ಶಾಲೆಯಲ್ಲಿ ಪಾಠ ಶುರುಮಾಡಿದರು. ಪತ್ನಿ ಡಾಲಿ ಜೊತೆ ಅದೇ ಊರಲ್ಲಿ 'ಆರ್ಟಿಸ್ಟ್ಸ್ ಕಲೆಕ್ಟಿವ್' ಕಟ್ಟಿದರು. ಅಲ್ಲಿ ಬಡಾವಣೆಯ ಮಕ್ಕಳಿಗೆ ಸಂಗೀತ, ನೃತ್ಯ, ನಾಟಕ ಕಲಿಸುತ್ತಿದ್ದರು. ಸೋತವರು ಮಾಡುವ ಕೆಲಸವಾ ಇದು?

ನುಡಿಸುವುದೂ ನಿಲ್ಲಲಿಲ್ಲ. ಮಗ ರೆನೆ ಕೂಡ ಸ್ಯಾಕ್ಸೊಫೋನ್ ವಾದಕ, ಇಬ್ಬರೂ ಸೇರಿ ಧ್ವನಿಮುದ್ರಣ ಮಾಡಿದ್ದಾರೆ. 2001ರಲ್ಲಿ ಅಮೆರಿಕದ 'ಜಾಝ್ ಮಾಸ್ಟರ್' ಗೌರವ ಬಂತು.

ಇನ್ನೊಂದು ಸಣ್ಣ ತಿದ್ದುಪಡಿ. ಹಳೆಯ ಬರಹಗಳಲ್ಲಿ ಹುಟ್ಟಿದ ವರ್ಷ 1932 ಎಂದಿರುತ್ತದೆ. ಸರಿಯಾದದ್ದು 1931. ತೀರಿಕೊಂಡದ್ದು 2006ರಲ್ಲಿ, ಹಾರ್ಟ್‌ಫರ್ಡ್‌ನಲ್ಲೇ.