ಬಕೆಟ್ಟಿಗೆ ಮೊದಲು ತಣ್ಣೀರು

ನಮ್ಮಕ್ಕನ ಮಗನಿಗೆ ಈಗ ಒಂಬತ್ತು ವರ್ಷ. ಎಡಗಾಲಿನ ಮೀನಖಂಡದ ಮೇಲೆ ಅಂಗೈ ಅಗಲದಷ್ಟು ಚರ್ಮ ಬೇರೆ ಥರ ಹೊಳೆಯುತ್ತದೆ. ಚಡ್ಡಿ ಹಾಕಿಕೊಂಡು ಕ್ರಿಕೆಟ್ ಆಡಲು ಹೋದರೆ ಹೊಸ ಹುಡುಗರು ಯಾರಾದರೂ ಕೇಳುತ್ತಾರಂತೆ, "ಏನೋ ಅದು?" "ಸ್ನಾನ ಮಾಡೋವಾಗ ಆಗಿದ್ದು" ಅಂತಾನೆ. ಅವರಿಗೆ ನಂಬಿಕೆಯೇ ಬರೋದಿಲ್ಲ.

ಆಗ ಅವನಿಗೆ ಎರಡು ತುಂಬಿರಲಿಲ್ಲ. ಏಪ್ರಿಲ್ ತಿಂಗಳು. ಬೆಂಗಳೂರಿನ ಬಾಡಿಗೆ ಮನೆ, ಮಾಳಿಗೆ ಮೇಲೆ ಸೋಲಾರ್. ನಾಲ್ಕು ದಿನ ಊರಿಗೆ ಹೋಗಿದ್ದವರು ಆವತ್ತು ಮಧ್ಯಾಹ್ನ ತಾನೇ ವಾಪಸ್ ಬಂದಿದ್ದರು. ಮಗುವಿಗೆ ಸ್ನಾನ ಮಾಡಿಸೋಣ ಅಂತ ಅಕ್ಕ ಬಚ್ಚಲಲ್ಲಿ ಬಕೆಟ್ ಇಟ್ಟು ಬಿಸಿನೀರಿನ ನಲ್ಲಿ ತಿರುಗಿಸಿದಳು. ಕೈಯಿಟ್ಟು ನೋಡಿದಳು, ಉಗುರುಬೆಚ್ಚಗೂ ಇರಲಿಲ್ಲ. ಬಿಸಿ ಬರಲಿ ಅಂತ ಬಿಟ್ಟು ಟವೆಲ್ ತರಲು ರೂಮಿಗೆ ಹೋದಳು. ಎಷ್ಟು ಹೊತ್ತು? ಬೀರು ಬಾಗಿಲು ತೆಗೆದು ಮುಚ್ಚುವಷ್ಟು. ನೀರಿನ ಸದ್ದು ಕೇಳಿ ಹುಡುಗ ಓಡಿದ. ಮಗ್ ಹಿಡಿಯಲು ಬಕೆಟ್ಟಿನ ಅಂಚು ಜಗ್ಗಿದ. ಕಾಲು ಬಕೆಟ್ ನೀರಿಗೆ ಭಾರ ಎಲ್ಲಿರುತ್ತೆ, ಅದು ವಾಲಿಬಿಟ್ಟಿತು.

ಆಮೇಲಿನದು ಇನ್ನೂ ಬೇಜಾರು. ಪಕ್ಕದ ಮನೆ ಆಂಟಿ ಒಳ್ಳೆ ಮನಸ್ಸಿನಿಂದಲೇ ಓಡಿಬಂದು ಟೂತ್‌ಪೇಸ್ಟ್ ಮೆತ್ತಿದರು. ಒದ್ದೆ ಪೈಜಾಮ ಮೈಗೆ ಅಂಟಿಕೊಂಡೇ ಇತ್ತು, ಅದನ್ನು ಬಿಚ್ಚಬೇಕು ಅಂತ ಯಾರಿಗೂ ಹೊಳೆಯಲಿಲ್ಲ. ಬಟ್ಟೆಯಲ್ಲಿದ್ದ ಬಿಸಿನೀರು ಸುಡುತ್ತಲೇ ಇತ್ತು. ಆಸ್ಪತ್ರೆಯಲ್ಲಿ ಆ ಪೇಸ್ಟನ್ನು ಉಜ್ಜಿ ತೆಗೆದ ಐದು ನಿಮಿಷ ಇದೆಯಲ್ಲ, ಅಕ್ಕ ಅದರ ಬಗ್ಗೆ ಇವತ್ತಿಗೂ ಮಾತಾಡುವುದಿಲ್ಲ.

ಮಗುವನ್ನು ನೋಡಲು ಬಂದವರೆಲ್ಲ ಹೇಳಿದ್ದು ಒಂದೇ ಮಾತು. "ಒಂದು ಮಗೂನ ನೋಡ್ಕೊಳಕ್ಕಾಗಲ್ವೇನಮ್ಮಾ?" ಸೇಬು, ಮೂಸಂಬಿ ತಂದು ಕೊಟ್ಟು, ಇದನ್ನೂ ಕೊಟ್ಟು ಹೋದರು. ಭಾವ ಆ ಹೊತ್ತಿಗೆ ಹಾಲ್‌ನಲ್ಲೇ ಕೂತು ಮೊಬೈಲ್ ನೋಡುತ್ತಿದ್ದರು. ಅವರನ್ನು ಯಾರೂ ಏನೂ ಕೇಳಲಿಲ್ಲ. (ಭಾವ ಇದನ್ನು ಓದುತ್ತಾರೆ. ಓದಲಿ.)

ನನ್ನ ಸಿಟ್ಟು ಇರೋದು ಇಲ್ಲೇ. ಮಗು ಸುಟ್ಟುಕೊಂಡರೆ ನಾವು ತಾಯಿಯ ತಪ್ಪು ಹುಡುಕುತ್ತೇವೆ. ನಲ್ಲಿಯಲ್ಲಿ ಅಷ್ಟು ಬಿಸಿ ನೀರು ಯಾಕೆ ಬಂತು ಅಂತ ಒಬ್ಬರೂ ಕೇಳುವುದಿಲ್ಲ.

ಬೆಂಗಳೂರಿನಲ್ಲಿ 2007ರ ಸುಮಾರಿಗೆ ಹೊಸ ಮನೆಗಳಿಗೆ ಸೋಲಾರ್ ವಾಟರ್ ಹೀಟರ್ ಕಡ್ಡಾಯವಾಯಿತು, ಕರೆಂಟ್ ಬಿಲ್ಲಿನಲ್ಲಿ ರಿಯಾಯಿತಿಯೂ ಸಿಕ್ಕಿತು. ಒಳ್ಳೆಯದೇ. ನಮ್ಮನೆಯಲ್ಲೂ ಇದೆ. ಆದರೆ ಗೀಸರಿನಲ್ಲಿ ಥರ್ಮೋಸ್ಟ್ಯಾಟ್ ಇರುತ್ತದೆ, ಇಷ್ಟು ಬಿಸಿಯಾದರೆ ಸಾಕು ಅಂತ ನಿಲ್ಲಿಸುತ್ತದೆ. ಬಿಸಿಲಿಗೆ ಸಾಕು ಅನ್ನೋರು ಯಾರು? ನಾಲ್ಕು ದಿನ ಯಾರೂ ನೀರು ಬಳಸದೇ ಇದ್ದರೆ ಟ್ಯಾಂಕಿನಲ್ಲಿರುವ ನೀರು ದಿನಾ ಇನ್ನಷ್ಟು ಕಾಯುತ್ತಾ ಹೋಗುತ್ತದೆ. ಇನ್ನೊಂದು ಮೋಸ, ಪೈಪಿನಲ್ಲಿ ನಿಂತಿರುವ ತಣ್ಣೀರು ಮೊದಲು ಬರುತ್ತದೆ. ಅಕ್ಕ ಕೈಯಿಟ್ಟು ನೋಡಿದ್ದು ಆ ನೀರನ್ನು. ಟ್ಯಾಂಕಿನ ನೀರು ಬಂದಿದ್ದು ಅವಳು ರೂಮಿಗೆ ಹೋದ ಮೇಲೆ.

ನಮ್ಮ ಮನೆಯವರು ಮೊಸರಿಗೆ ಹೆಪ್ಪು ಹಾಕಲು ಅಂತ ಒಂದು ಥರ್ಮಾಮೀಟರ್ ತಂದಿದ್ದಾರೆ. (ಅದೊಂದು ಹುಚ್ಚು, ಇನ್ನೊಂದು ದಿನ ಬರೀತೀನಿ.) ಈ ಏಪ್ರಿಲ್‌ನಲ್ಲಿ ಒಂದು ಮಧ್ಯಾಹ್ನ ಅದನ್ನು ನಮ್ಮನೆ ಬಚ್ಚಲ ನಲ್ಲಿ ಕೆಳಗೆ ಹಿಡಿದೆ. 68 ಡಿಗ್ರಿ. 60 ಡಿಗ್ರಿ ನೀರು ದೊಡ್ಡವರ ಚರ್ಮವನ್ನು ಆಳವಾಗಿ ಸುಡಲು ಸುಮಾರು 5 ಸೆಕೆಂಡ್ ಸಾಕು. ಮಕ್ಕಳ ಚರ್ಮ ತೆಳು, ಅವರಿಗೆ ಅಷ್ಟು ಹೊತ್ತೂ ಬೇಡ. ಅದೇ 49 ಡಿಗ್ರಿ ನೀರಾದರೆ ದೊಡ್ಡವರಿಗೆ 5 ನಿಮಿಷದ ಮೇಲಾಗುತ್ತದೆ. ಅಂದರೆ ಹತ್ತು ಹನ್ನೊಂದು ಡಿಗ್ರಿ ಇಳಿಸಿದರೆ ಟವೆಲ್ ತರಲು ಹೋದ ಅಮ್ಮನಿಗೆ ವಾಪಸ್ ಓಡಿಬರಲು ಟೈಮ್ ಸಿಗುತ್ತದೆ.

ಆಸ್ಟ್ರೇಲಿಯಾದಲ್ಲಿ ಹೊಸ ಮನೆಗಳ ಬಚ್ಚಲಿಗೆ 50 ಡಿಗ್ರಿಗಿಂತ ಜಾಸ್ತಿ ಬಿಸಿನೀರು ಬಿಡುವಂತಿಲ್ಲ. ಟ್ಯಾಂಕಿನಲ್ಲಿ ಕ್ರಿಮಿ ಬೆಳೆಯಬಾರದು ಅಂತ 60 ಡಿಗ್ರಿ ಇಡುತ್ತಾರೆ. ಬಚ್ಚಲಿಗೆ ಬರುವ ದಾರಿಯಲ್ಲಿ ಒಂದು ವಾಲ್ವ್ ತಾನೇ ತಣ್ಣೀರು ಬೆರೆಸುತ್ತದೆ. ಅಂಥ ಮಿಕ್ಸಿಂಗ್ ವಾಲ್ವ್ ಇಲ್ಲೂ ಸಿಗುತ್ತದೆ, ಅಗ್ಗವೇನಲ್ಲ. ಮನೆ ಕಟ್ಟುವಾಗ ಟೈಲ್ಸ್ ಆರಿಸಲು ಮೂರು ಭಾನುವಾರ ಅಂಗಡಿ ಸುತ್ತುವವರು ಪ್ಲಂಬರ್ ಹತ್ತಿರ ಇದನ್ನೊಮ್ಮೆ ಕೇಳಬಹುದು, ಅಲ್ವಾ? ಗೀಸರ್ ಇರುವವರಿಗೆ ಅಷ್ಟು ಖರ್ಚೂ ಇಲ್ಲ. ತಿರುಗಿಸುವ ಗುಂಡಿ ಇದ್ದರೆ 50ರ ಹತ್ತಿರ ಇಟ್ಟರಾಯಿತು.

ಬಾಡಿಗೆ ಮನೆಯವರಿಗೆ, ಹಂಡೆ ಒಲೆಯವರಿಗೆ, ಬಕೆಟ್ಟಿನಲ್ಲಿ ಕಾಯಿಲ್ ಹಾಕಿ ನೀರು ಕಾಯಿಸುವವರಿಗೆ ವಾಲ್ವ್ ಕಥೆ ಹೇಳಿ ಪ್ರಯೋಜನ ಇಲ್ಲ. ಅವರಿಗೆ ದುಡ್ಡಿಲ್ಲದ ಉಪಾಯ, ಬಕೆಟ್ಟಿಗೆ ಮೊದಲು ತಣ್ಣೀರು. ಆಮೇಲೆ ಬಿಸಿ ಬೆರೆಸಿ. ಹೀಗೆ ಮಾಡಿದರೆ ಬರೀ ಕುದಿನೀರು ತುಂಬಿದ ಬಕೆಟ್ ಒಂದು ಗಳಿಗೆಯೂ ಮಗುವಿನ ಕೈಗೆ ಸಿಗೋದಿಲ್ಲ. ನಿಲ್ಲಿಸುವಾಗ ಬಿಸಿನೀರಿನ ನಲ್ಲಿ ಮೊದಲು ನಿಲ್ಲಿಸಿ. ಕಾಯಿಲ್ ಹಾಕುವವರು ಮಾತ್ರ ಬಚ್ಚಲ ಬಾಗಿಲಿಗೆ ಮೇಲಿನ ಚಿಲಕ ಹಾಕಲೇಬೇಕು. ಅಲ್ಲಿ ಕುದಿನೀರೂ ಇದೆ, ಕರೆಂಟೂ ಇದೆ.

ಹದ ನೋಡುವ ವಿಷಯಕ್ಕೆ ಬರೋಣ. ನಮ್ಮಜ್ಜಿ ಹಾಸನದ ಕಡೆಯವಳು. ಊರಿನ ಅರ್ಧ ಮಕ್ಕಳಿಗೆ ಎಣ್ಣೆ ಹಚ್ಚಿ, ಕಾಲ ಮೇಲೆ ಮಲಗಿಸಿಕೊಂಡು ಎರೆದವಳು. ಒಲೆ ಮೇಲಿನ ಪಾತ್ರೆಯನ್ನು ಇಕ್ಕಳ ಇಲ್ಲದೆ ಇಳಿಸುತ್ತಿದ್ದಳು, ಹೆಂಚಿನ ಮೇಲಿನ ರೊಟ್ಟಿಯನ್ನು ಬೆರಳಲ್ಲೇ ಮಗುಚುತ್ತಿದ್ದಳು. ಅಂಥ ಕೈಗೆ ಬಿಸಿ ಎಲ್ಲಿ ಗೊತ್ತಾಗಬೇಕು! ಅವಳು "ಹದವಾಗೈತೆ ಬಾ" ಅಂದ ನೀರಿಗೆ ನಾವು ಕಾಲಿಟ್ಟು ಚೀರುತ್ತಿದ್ದೆವು. ನಲವತ್ತು ವರ್ಷ ಅಡುಗೆ ಮಾಡಿದ ಅಂಗೈಯನ್ನು ನಂಬಬೇಡಿ. ನೀರನ್ನು ಚೆನ್ನಾಗಿ ಕಲಕಿ ಮೊಣಕೈ ಅದ್ದಿ ನೋಡಿ. ಅಲ್ಲಿನ ಚರ್ಮ ಸುಳ್ಳು ಹೇಳುವುದಿಲ್ಲ. ಮಗುವಿಗೆ 37, 38 ಡಿಗ್ರಿ ಸಾಕು, ಹೆಚ್ಚುಕಮ್ಮಿ ನಮ್ಮ ಮೈಬಿಸಿಯಷ್ಟೇ. ಬಾಣಂತಿಗೆ ಹೊಯ್ಯುವ ನೀರನ್ನೇ ಮಗುವಿಗೂ ಹೊಯ್ಯುವುದು ದಯವಿಟ್ಟು ಬೇಡ.

ಬಚ್ಚಲು ಬಿಟ್ಟರೆ ನನಗೆ ಹೆದರಿಕೆ ಇರೋದು ಎರಡಕ್ಕೆ. ಮಗುವನ್ನು ತೊಡೆ ಮೇಲೆ ಕೂರಿಸಿಕೊಂಡು ಕಾಫಿ ಕುಡಿಯೋದು. ನೆಗಡಿ ಅಂತ ಪುಟ್ಟ ಮಕ್ಕಳನ್ನು ಕುದಿನೀರಿನ ಪಾತ್ರೆ ಮುಂದೆ ಕೂರಿಸಿ, ಬೆಡ್‌ಶೀಟ್ ಹೊದಿಸಿ ಹಬೆ ಕೊಡೋದು. ಕೊರೋನಾ ಕಾಲದಲ್ಲಿ ಇದು ಮನೆಮನೆಯ ಪೂಜೆಯಾಗಿತ್ತು. ಕತ್ತಲಲ್ಲಿ ಕೂತ ಮಗು ಕಾಲು ಆಡಿಸಿದರೆ ಪಾತ್ರೆ ಎಲ್ಲಿಗೆ ಬೀಳುತ್ತೆ ಅಂತ ಯೋಚನೆ ಮಾಡಿ.

ಇಷ್ಟಾದರೂ ಆಗಬಾರದ್ದು ಆದರೆ, ಬಟ್ಟೆ ಬಿಚ್ಚಿ. ಚರ್ಮಕ್ಕೆ ಕಚ್ಚಿಕೊಂಡಿದ್ದರೆ ಮಾತ್ರ ಎಳೆಯಬೇಡಿ. ಗೆಜ್ಜೆ, ಬಳೆ, ಉಡಿದಾರ ಆ ಜಾಗದಲ್ಲಿದ್ದರೆ ಊದಿಕೊಳ್ಳುವ ಮೊದಲೇ ತೆಗೆಯಿರಿ. ಸುಟ್ಟ ಜಾಗದ ಮೇಲೆ ನಲ್ಲಿಯ ತಣ್ಣೀರು ಹರಿಸಿ, 20 ನಿಮಿಷ. ಗಡಿಯಾರ ನೋಡಿಕೊಳ್ಳಿ, ಮಗು ಅಳುತ್ತಿರುವಾಗ ಎರಡು ನಿಮಿಷವೇ ಇಪ್ಪತ್ತು ಅನ್ನಿಸುತ್ತದೆ. ಉಳಿದ ಮೈಗೆ ಏನಾದರೂ ಹೊದಿಸಿ, ಚಳಿಯಾಗದಿರಲಿ. ಐಸ್ ಬೇಡ. ಪೇಸ್ಟ್, ಇಂಕು, ಅರಿಶಿನ, ತುಪ್ಪ, ಕಾಫಿಪುಡಿ ಯಾವುದೂ ಬೇಡ. ಆಮೇಲೆ ಶುಭ್ರವಾದ ಬಟ್ಟೆ ಸಡಿಲವಾಗಿ ಮುಚ್ಚಿ ಆಸ್ಪತ್ರೆಗೆ ಹೊರಡಿ, ಗಾಡಿ ಇಲ್ಲದಿದ್ದರೆ 108. ಬೊಬ್ಬೆ ಎದ್ದರೆ ಒಡೆಯಬೇಡಿ. "ಆಗಲೇ ಅರ್ಧ ಗಂಟೆ ಆಯ್ತಲ್ಲ, ಇನ್ನೇನು ನೀರು ಹಾಕೋದು" ಅಂತಲೂ ಬಿಡಬೇಡಿ. ಮೂರು ಗಂಟೆಯ ಒಳಗೆ ಹರಿಸಿದರೂ ಉಪಯೋಗ ಇದೆ.

ಹೋದ ಭಾನುವಾರ ಅಕ್ಕನ ಮನೆಗೆ ಹೋಗಿದ್ದೆ. ಹುಡುಗ ಈಗ ತಾನೇ ಬಕೆಟ್ ತುಂಬಿಸಿಕೊಳ್ಳುತ್ತಾನೆ. ಅರ್ಧದವರೆಗೆ ತಣ್ಣೀರು ಬಿಟ್ಟು "ಚಿಕ್ಕಮ್ಮಾ, ಈಗ ಬಿಸಿ ಬಿಡ್ಲಾ?" ಅಂತ ಒಳಗಿಂದ ಕೂಗಿದ. ನಾನು ಬಾಯಿ ತೆರೆಯುವ ಮೊದಲೇ ಅಕ್ಕ, ಕೈಯಲ್ಲಿದ್ದ ಸೌಟಿನ ಸಮೇತ, ಅಡುಗೆಮನೆಯಿಂದ ಬಚ್ಚಲಿಗೆ ಓಡಿದ್ದಳು.